ಬಾ ಮಾಯವಾದ ಫೋಟೋ

ವಡೋದರಾದ ನಮ್ಮ ಮನೆಗೆ ನೀವು ಬಂದರೆ ಬಾಲ್ಕನಿಯಲ್ಲಿ ಮೂರು ಕಾಲಿನ ಕರಿಯ ಪ್ರಾಣಿಯೊಂದು ತಲೆಯ ಮೇಲೆ ಮೊರ ಹೊತ್ತು ನಿಂತಿರುವುದನ್ನು ನೋಡುತ್ತೀರಿ. ಮೊರದಲ್ಲಿ ಅರಳು ಸಂಡಿಗೆ. ಗಾಬರಿಯಾಗಬೇಡಿ, ಅದು ನನ್ನ ಟ್ರೈಪಾಡ್. ಮೊದಲು ಅದರ ಮೇಲೆ ಕ್ಯಾಮರಾ ಕೂರುತ್ತಿತ್ತು. ಈಗಲೂ ಆಗೀಗ ಕೂರುತ್ತದೆ. ಉಳಿದ ದಿನಗಳಲ್ಲಿ ಸಂಡಿಗೆ. "ಅಂತೂ ಖಾಲಿ ನಿಂತಿಲ್ಲಲ್ಲ" ಎನ್ನುತ್ತಾರೆ ನಮ್ಮವರು. ಅವರ ಮಾತಿನಲ್ಲಿ ಮೆಚ್ಚುಗೆ ಎಷ್ಟು, ಚೇಷ್ಟೆ ಎಷ್ಟು ಎಂದು ಇಷ್ಟು ವರ್ಷ ಸಂಸಾರ ಮಾಡಿದರೂ ನನಗೆ ಬಿಡಿಸಲಾಗಿಲ್ಲ.

ಇವತ್ತು ಸಂಡಿಗೆ ತಿರುವಿ ಹಾಕುವಾಗ ಸೂರತ್ತಿನ ಬಾ ನೆನಪಾದರು. ಬಾ ಎಂದರೆ ಗುಜರಾತಿಯಲ್ಲಿ ತಾಯಿ, ಅಜ್ಜಿ, ಮನೆಯ ಹಿರಿಯಳು, ಎಲ್ಲವೂ. ನನ್ನ ಮಗಳು ಅನಘಾ ಕೈಹಿಡಿದ ಧವಲ್‌ನ ಅಜ್ಜಿ. ಆ ಹಿರಿಯ ಜೀವವನ್ನು ನಾನು ಒಂದು ಮಧ್ಯಾಹ್ನ ಮಾಯ ಮಾಡಿಬಿಟ್ಟಿದ್ದೆ. ಕೇಳಿ.

ನಾನು ಧಾರವಾಡದವಳು. ಬ್ಯಾಂಕಿನ ವರ್ಗಾವಣೆಯ ಗಾಳಿ ನನ್ನನ್ನು ವಡೋದರಾಕ್ಕೆ ತಂದು ಹಾಕಿ ಎಷ್ಟು ಕಾಲವಾಯಿತೆಂದರೆ, ತವರಿಗೆ ಹೋದಾಗ ಸೊಪ್ಪಿನವಳ ಹತ್ತಿರ ಎಷ್ಟು ಎನ್ನುವ ಬದಲು ಬಾಯಿ ತಪ್ಪಿ "ಕೇಟ್ಲಾ?" ಎಂದು ಕೇಳಿ ಬೈಸಿಕೊಂಡಿದ್ದೇನೆ. ಇಲ್ಲಿ ಎಲ್ಲರೂ ನನ್ನನ್ನು ಸುಮತಿಬೇನ್ ಎನ್ನುತ್ತಾರೆ. ಬೇನ್ ಎಂದರೆ ಅಕ್ಕ, ತಂಗಿ. ಹೊಸದರಲ್ಲಿ ಅದನ್ನು ಕೇಳಿದಾಗಲೆಲ್ಲ ಯಾರೋ ನನ್ನ ಬೇನೆ ವಿಚಾರಿಸುತ್ತಿದ್ದಾರೆ ಅನಿಸುತ್ತಿತ್ತು. ಅನಘಾ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅವಳ ಕನ್ನಡದಲ್ಲಿ ಬಸ್ಸು ಬರುವುದಿಲ್ಲ, ಬರುತ್ತಾಳೆ. "ಅಮ್ಮಾ, ಬಸ್ ಬಂದಳು, ನಾ ಹೋಗ್ತೀನಿ" ಎಂದು ಓಡುವಾಗ, ಸೀರೆಯುಟ್ಟ ಬಸ್ಸೊಂದು ಬಾಗಿಲಲ್ಲಿ ನಿಂತಂತೆ ನನಗೆ ಕಾಣುತ್ತಿತ್ತು.

ಇನ್ನು ಫೋಟೋದ ಹುಚ್ಚು. ಅದಕ್ಕೆ ಬೇರು ಧಾರವಾಡದಲ್ಲೇ ಇದೆ. ನಾವು ಚಿಕ್ಕವರಿದ್ದಾಗ ಅಪ್ಪ ಎಲ್ಲರನ್ನೂ ಟಾಂಗಾದಲ್ಲಿ ಹೇರಿಕೊಂಡು ಸ್ಟುಡಿಯೋಕ್ಕೆ ಹೋಗುತ್ತಿದ್ದರು. ಅಲ್ಲಿ ಪೌಡರಿನ ವಾಸನೆ, ಹಲ್ಲು ಮುರಿದ ಬಾಚಣಿಗೆ, ಹಿಂದೆ ತೂಗುಬಿಟ್ಟ ಪರದೆಯ ಮೇಲೆ ಯಾವ ಊರಿನಲ್ಲೂ ಇಲ್ಲದ ಒಂದು ಕೆರೆ. ಫೋಟೋದವನು ಕರಿಯ ಬಟ್ಟೆಯೊಳಗೆ ತಲೆ ತೂರಿ "ಉಸುರ ಹಿಡೀರಿ, ಅಲಗ್ಯಾಡಬ್ಯಾಡ್ರಿ" ಎಂದು ಗದರುತ್ತಿದ್ದ. ಒಮ್ಮೆ ಸರಿಯಾಗಿ ಆ ಗಳಿಗೆಯಲ್ಲೇ ನನ್ನ ತಮ್ಮ ಗೋಪಿ ಸೀನಿದ. ಫೋಟೋ ಬಂದಾಗ ಅವನಿಗೆ ಎರಡು ಮೂಗು. ಅಪ್ಪ ಹಣೆ ಹಣೆ ಬಡಿದುಕೊಂಡರು. ಗೋಪಿಗೆ ಶಾಲೆ ಮುಗಿಯುವವರೆಗೂ ಎರಡು ಮೂಗಿನ ಗೋಪ್ಯಾ ಎಂಬ ಹೆಸರು ಅಂಟಿತು. ಯಾರೂ ಅಲ್ಲಾಡದೇ ಇದ್ದರೆ ಅದು ಒಳ್ಳೆಯ ಫೋಟೋ ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾದದ್ದು ಆಗಲೇ.

ಐವತ್ತು ದಾಟಿದ ಮೇಲೆ ಕ್ಯಾಮರಾ ಕೊಂಡೆ. ಅಹಮದಾಬಾದಿನಲ್ಲಿ ಭಾನುವಾರಗಳಂದು ಸೇರುವ ಹವ್ಯಾಸಿಗಳ ಗುಂಪಿನೊಂದಿಗೆ ಒಂದು ಹಳೆಯ ಮೆಟ್ಟಿಲುಬಾವಿಗೆ ಹೋದೆ. ಅಲ್ಲಿಯೇ ನನಗೆ ಎಚ್‌ಡಿಆರ್ ಎಂಬ ದೀಕ್ಷೆಯಾಯಿತು. ಹೆಸರಿಗೆ ಹೆದರಬೇಡಿ. ಬಾವಿಯ ತಳ ಕತ್ತಲು, ಮೇಲೆ ಆಕಾಶ ಬೆಳಕು. ಕ್ಯಾಮರಾದ ಕಣ್ಣಿಗೆ ಎರಡೂ ಒಟ್ಟಿಗೆ ದಕ್ಕುವುದಿಲ್ಲ. ತಳ ಕಾಣುವಂತೆ ತೆಗೆದರೆ ಆಕಾಶ ಸುಣ್ಣ, ಆಕಾಶ ಕಾಣುವಂತೆ ತೆಗೆದರೆ ತಳ ಇದ್ದಿಲು. ಹಾಗಾಗಿ ಒಂದೇ ನೋಟವನ್ನು ಮೂರು ಸಲ ತೆಗೆಯುವುದು: ಒಂದು ಬೆಳ್ಳಗೆ, ಒಂದು ಹದವಾಗಿ, ಒಂದು ಕಪ್ಪಗೆ. ಆಮೇಲೆ ಕಂಪ್ಯೂಟರಿನ ಸಾಫ್ಟ್‌ವೇರ್ ಮೂರನ್ನೂ ಬೆರೆಸಿ, ಒಂದರ ಉಪ್ಪು, ಇನ್ನೊಂದರ ಹುಳಿ, ಮತ್ತೊಂದರ ಖಾರ ತೆಗೆದುಕೊಂಡು ಹದವಾದ ಸಾರು ಮಾಡುತ್ತದೆ. ನನ್ನ ಬಾವಿಯ ಚಿತ್ರವನ್ನು ಗುಂಪಿನವರು ಹೊಗಳಿದರು. ನಾನು ಉಬ್ಬಿದೆ. ಮೆಟ್ಟಿಲುಗಳು ಅಲ್ಲಾಡುವುದಿಲ್ಲ, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ ಎಂಬುದು ಆಗ ಹೊಳೆಯಲಿಲ್ಲ.

ಅಷ್ಟರಲ್ಲಿ ಅನಘಾ ತಾನು ಧವಲ್‌ನನ್ನು ಮದುವೆಯಾಗುವುದಾಗಿ ಹೇಳಿದಳು. ಸೂರತ್ತಿನವರು. ಧವಲ್‌ನ ತಂದೆ ಜಯೇಶಭಾಯಿ ಉಧ್ನಾದಲ್ಲಿ ಸೀರೆಗೆ ಬಣ್ಣ ಹಾಕುವ ಕಾರ್ಖಾನೆ ನಡೆಸುತ್ತಾರೆ. ತಾಯಿ ಹಂಸಾಬೇನ್ ಮಾತು ಕಮ್ಮಿ, ಬಡಿಸುವುದು ಜಾಸ್ತಿ. ಎಲ್ಲರೂ ಒಪ್ಪಿದ್ದರು, ಬಾ ಮಾತ್ರ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ನಾವು ನಿಶ್ಚಿತಾರ್ಥದ ಮಾತುಕತೆಗೆ ಹೋದ ದಿನವೂ ಬಾ ನಡುಮನೆಯ ಹೀಂಚಕೋ ಮೇಲೆ ಕೂತು ತೂಗಿಕೊಳ್ಳುತ್ತಲೇ ಇದ್ದರು. ಹೀಂಚಕೋ ಎಂದರೆ ಅಗಲವಾದ ಹಲಗೆಯ ತೂಗುಮಣೆ. ಹಿತ್ತಾಳೆಯ ಸರಪಳಿ, ಗಾದಿ, ದಿಂಬು. ಬಾ ಒಂದು ಕಾಲು ಮಡಚಿ, ಇನ್ನೊಂದರ ಹೆಬ್ಬೆರಳಿನಿಂದ ನೆಲವನ್ನು ಮೆಲ್ಲಗೆ ಒತ್ತುತ್ತಿದ್ದರು. ಬಟಾಣಿ ಬಿಡಿಸುವುದು, ಪೇಪರು ಓದುವುದು, ಅಡುಗೆಮನೆಗೆ ಕೂಗಿ ಹೇಳುವುದು, ಎಲ್ಲ ತೂಗಿಕೊಂಡೇ.

ಜಯೇಶಭಾಯಿ ನನ್ನ ಕ್ಯಾಮರಾ ನೋಡಿ, "ಸುಮತಿಬೇನ್, ಈ ಮನೆಯಲ್ಲಿ ಬಾ ಅವರದು ಒಂದು ಒಳ್ಳೆಯ ಫೋಟೋ ಇಲ್ಲ. ಕೂತಲ್ಲಿ ಕೂರೋದಿಲ್ಲ. ಎಲ್ಲರ ಜೊತೆ ಒಂದು ತೆಗೀರಿ, ದೊಡ್ಡದು ಮಾಡಿಸಿ ಗೋಡೆಗೆ ಹಾಕ್ತೀನಿ" ಎಂದರು. ಬೀಗರು ಬಾಯಿ ಬಿಟ್ಟು ಕೇಳಿದ ಮೊದಲ ಮಾತು. ನಾನು ಸುತ್ತ ನೋಡಿದೆ. ನಡುಮನೆ ಕತ್ತಲು. ಹೀಂಚಕೋದ ಆಚೆಗೆ ಹಿತ್ತಲ ಬಾಗಿಲು, ಅದರಾಚೆ ಸೂರತ್ತಿನ ಮಟಮಟ ಬಿಸಿಲು. "ಇದಕ್ಕೆ ಎಚ್‌ಡಿಆರೇ ಆಗಬೇಕು" ಎಂದೆ, ಡಾಕ್ಟರು ಆಪರೇಷನ್ ಎಂದಂತೆ.

ಟ್ರೈಪಾಡನ್ನು ಹೀಂಚಕೋದ ಮಗ್ಗುಲಿಗೆ ನಿಲ್ಲಿಸಿದೆ. ಎಲ್ಲರೂ ತೂಗುಮಣೆಯ ಹಿಂದೆ, ಮುಂದೆ ನಿಂತರು. ಬಾ ಅವರಿಗೆ ಅಲ್ಲಾಡಬೇಡಿ ಎಂದು ಕೈ ಮುಗಿದು ಹೇಳಿದೆ. "ಹಾ, ಹಾ" ಎಂದು ನಿಲ್ಲಿಸಿದರು. ನಾನು ಗುಂಡಿ ಒತ್ತುವಷ್ಟರಲ್ಲಿ ಆ ಹೆಬ್ಬೆರಳು ತನ್ನಷ್ಟಕ್ಕೆ ನೆಲ ಒತ್ತಿತು. ಬಾ ಅವರಿಗೆ ಅದು ಗೊತ್ತೇ ಇರಲಿಲ್ಲ. ಜಯೇಶಭಾಯಿ "ಹಲ್‌ಶೋ ನಹೀಂ! ಹಲ್‌ಶೋ ನಹೀಂ!" ಎಂದು ಕೂಗಿದರು. ಅಲ್ಲಾಡಬೇಡಿ ಎಂದು ಅದರ ಅರ್ಥ. ಇಷ್ಟು ವರ್ಷವಾದರೂ ನಮ್ಮವರಿಗೆ ಗುಜರಾತಿ ಅಷ್ಟಕ್ಕಷ್ಟೆ. ಹಲ್ಲು ಶೋ ಮಾಡಬಾರದಂತೆ ಎಂದು ತಿಳಿದು, ತುಟಿ ಬಿಗಿದು, ಕೆನ್ನೆ ಉಬ್ಬಿಸಿ, ಕಣ್ಣು ದೊಡ್ಡದು ಮಾಡಿ ನಿಂತುಬಿಟ್ಟರು. ಕ್ಯಾಮರಾ ಟಕ್, ಟಕ್, ಟಕ್ ಎಂದು ಮೂರು ಸಲ ಕಣ್ಣು ಮಿಟುಕಿಸಿತು.

ಮುಂದಿನ ವಾರ ಒಂದು ಮಧ್ಯಾಹ್ನ ಬಿಡುವಾಗಿ ಕೂತು ಮೂರನ್ನೂ ಬೆರೆಸಿದೆ. ಮೊದಲ ಸಲ ಎಲ್ಲರ ತಲೆಯ ಸುತ್ತಲೂ ಬಿಳಿಯ ಪ್ರಭೆ. ಜಯೇಶಭಾಯಿಗೆ ಆರತಿ ಬೆಳಗಬೇಕು ಅನಿಸುವಂತಿತ್ತು. ಅದನ್ನು ತಗ್ಗಿಸಲು ಹೋದರೆ ಹಂಸಾಬೇನ್‌ರ ತಿಳಿಹಸಿರು ಸೀರೆ ಗಿಳಿಯಾಯಿತು. ಬಣ್ಣ ಇಳಿಸಿದೆ. ಆಗ ಕಂಡಿತು ನಿಜವಾದ ರೋಗ. ತೂಗುಮಣೆಯ ಮೇಲೆ ಬಾ ಅವರಿಗೆ ಮೂರು ಮುಖ, ಆರು ಕೈ, ಎಲ್ಲವೂ ಅರೆಪಾರದರ್ಶಕ.

ನಮ್ಮವರು ಚಹಾದ ಕಪ್ಪು ಹಿಡಿದು ಬಂದು ಇಣುಕಿದರು. "ದತ್ತಾತ್ರೇಯ ಆಗ್ಯಾರಲ್ಲ ಬಾ! ಆಕಳಾ, ನಾಯಿ ಎಲ್ಲಿ?"

"ಸುಮ್ನಿರ್ರೀ. ಇದಕ್ಕ ಘೋಸ್ಟ್ ಅಂತಾರ. ಅಲಗ್ಯಾಡಿದವರೆಲ್ಲ ಹಿಂಗ ಭೂತ ಆಗ್ತಾರ. ಇದನ್ನ ತಗೀಲಿಕ್ಕೂ ಒಂದು ಬಟನ್ ಅದ."

"ಭೂತ ಬಿಡಿಸೋ ಬಟನ್ನಾ? ಮೊದಲ ಯಾಕ ಹೇಳಲಿಲ್ಲ? ನಮ್ಮ ಮ್ಯಾನೇಜರಗ ಒತ್ತಬೇಕಿತ್ತು."

ಆ ಬಟನ್ನಿಗೆ ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಹಂತ. ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡಿ ಗೊತ್ತಿಲ್ಲದ ನಾನು ಹೆಚ್ಚು ಎಂಬುದನ್ನೇ ಒತ್ತಿದೆ. ಚಕ್ರ ತಿರುಗಿತು. ಚಿತ್ರ ಬಂತು. ಎಲ್ಲರ ಮುಖ ಸ್ವಚ್ಛ, ಹಿತ್ತಲ ತುಳಸಿಯ ಎಲೆ ಎಲೆಯೂ ಸ್ಪಷ್ಟ. ಅನಘಾ ಎಷ್ಟು ಚೆಂದ ಕಾಣುತ್ತಿದ್ದಳು ಎಂದರೆ ನನ್ನ ಕಣ್ಣು ಅವಳನ್ನು ಬಿಟ್ಟು ಕದಲಲಿಲ್ಲ. ಅದೇ ಸಂಭ್ರಮದಲ್ಲಿ ಎರಡೂ ಮನೆಯವರಿದ್ದ ಮೊಬೈಲ್ ಗ್ರೂಪಿಗೆ ಕಳಿಸಿ, ಮೇಲೊಂದು ಕೈಮುಗಿದ ಚಿತ್ರವನ್ನೂ ಅಂಟಿಸಿ, ಅನ್ನಕ್ಕಿಡಲು ಎದ್ದೆ.

ಸಾಫ್ಟ್‌ವೇರಿನ ನ್ಯಾಯ ಬಹುಮತದ ನ್ಯಾಯ. ಬಾ ಒಂದು ಚಿತ್ರದಲ್ಲಿ ಎಡಕ್ಕೆ, ಒಂದರಲ್ಲಿ ನಡುವೆ, ಒಂದರಲ್ಲಿ ಬಲಕ್ಕೆ ಇದ್ದರು. ಯಾವ ಜಾಗ ನೋಡಿದರೂ ಎರಡು ಚಿತ್ರಗಳು ಅಲ್ಲಿ ಬಾ ಇಲ್ಲ ಎಂದು ಸಾಕ್ಷಿ ಹೇಳಿದವು. ಆದ್ದರಿಂದ ಬಾ ಎಲ್ಲಿಯೂ ಇಲ್ಲ ಎಂದು ಅದು ತೀರ್ಪು ಕೊಟ್ಟಿತ್ತು. ಬಾ ಮಾತ್ರವಲ್ಲ, ಹಲಗೆ, ಗಾದಿ, ದಿಂಬು ಎಲ್ಲವೂ ಮಾಯ. ಛಾವಣಿಯಿಂದ ಇಳಿದ ಸರಪಳಿಗಳು ಅರ್ಧದಾರಿಯಲ್ಲಿ ಗಾಳಿಯಲ್ಲಿ ಕರಗಿಹೋಗಿದ್ದವು. ನಡುವೆ ಖಾಲಿ ನೆಲ. ಸುತ್ತಲೂ ನಗುವ ಜನ.

ಗ್ರೂಪಿನಲ್ಲಿ ಎಲ್ಲರೂ ನೋಡಿದ ನೀಲಿ ಗುರುತು ಬಂತು. ಅನ್ನ ಕುದಿ ಬರುವ ಹೊತ್ತಿಗೆ ಅನಘಾ ಅಹಮದಾಬಾದಿನ ಆಫೀಸಿನಿಂದ ಫೋನ್ ಮಾಡಿದಳು.

"ಅಮ್ಮಾ! ತೂನೆ ಬಾ ಕೋ ಡಿಲೀಟ್ ಕರ್ ದಿಯಾ?"

"ಯಾರನ್ನ? ಏನ?"

"ಬಾ! ಬಾ ಇಲ್ಲಾ ಫೋಟೋದಾಗ! ನೋಡು ನೀ, ಸರಿಯಾಗಿ ನೋಡು!"

ನೋಡಿದೆ. ಕೂಡಲೇ ಅಳಿಸಿದೆ. ಆದರೆ ಅಷ್ಟರಲ್ಲಿ ಅಹಮದಾಬಾದಿನ ನರೋಡಾದಲ್ಲಿರುವ ಜಯೇಶಭಾಯಿಯ ಅಕ್ಕ, ಎಲ್ಲರೂ ಫೋಯಿ ಎಂದು ಕರೆಯುವ ಸೋದರತ್ತೆ, ನೋಡಿಯಾಗಿತ್ತು. ಫೋಯಿಯ ಧ್ವನಿ ಸಂದೇಶ ಬಂತು. ಕುದಿಯುವ ಎಣ್ಣೆಯಂಥ ಧ್ವನಿ. ಇಷ್ಟು ವಯಸ್ಸಾದ ತಾಯಿಯನ್ನು ಬೀಗರೇ ಅಳಿಸಿಹಾಕಿದ್ದಾರೆ, ಇದು ಒಳ್ಳೆಯ ಶಕುನವಲ್ಲ, ನಿಶ್ಚಿತಾರ್ಥದ ದಿನವನ್ನು ಮುಂದೂಡಿ ಇನ್ನೊಮ್ಮೆ ಯೋಚಿಸಿ ಎಂದು ಅದರ ಸಾರಾಂಶ. ಸಂಜೆ ಅನಘಾ ಮತ್ತೆ ಫೋನ್ ಮಾಡಿದಾಗ ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಅಮ್ಮಾ, ಬಾ ಏನಂತಾರೋ ಅದ ಆಗ್ತದ ಆ ಮನೀಯೊಳಗ" ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಭಾನುವಾರ ಬೆಳಿಗ್ಗೆ ಸೂರತ್ತಿನ ರೈಲು ಹತ್ತಿದೆವು. ತೊಡೆಯ ಮೇಲೆ ಲ್ಯಾಪ್‌ಟಾಪ್. ನರ್ಮದೆಯ ಸೇತುವೆ ಬಂದಾಗ ಕಿಟಕಿಯಿಂದ ನದಿಗೆ ಕೈ ಮುಗಿದೆ. ನಮ್ಮವರು "ಮಾಫ್ ಕರ್‌ಜೋ, ಮಾಫ್ ಕರ್‌ಜೋ" ಎಂದು ಬಾಯಿಪಾಠ ಮಾಡುತ್ತಿದ್ದರು. ಎದುರಿಗೆ ಕೂತವನು ಕಾಲು ಸರಿಸಿಕೊಂಡು, ಪರವಾಗಿಲ್ಲ ಎಂದ.

ಮೊದಲೇ ಬಂದಿದ್ದ ಅನಘಾ ಧವಲ್‌ನ ಜೊತೆ ಬಾಗಿಲಲ್ಲೇ ಕಾದಿದ್ದಳು. ಹಂಸಾಬೇನ್ ಬಿಸಿಬಿಸಿ ಲೋಚೋ ತಂದಿಟ್ಟರು. ಕಡಲೆಬೇಳೆಯ ಹಿಟ್ಟಿನ, ಚಮಚಕ್ಕೂ ಸಿಗದೆ ಜಾರುವ ಸೂರತ್ತಿನ ತಿಂಡಿ. ಆ ಊರಿನ ಮಾತಿನಲ್ಲಿ ಲೋಚೋ ಎಂದರೆ ಎಡವಟ್ಟು ಎಂದೂ ಅರ್ಥ. ತಟ್ಟೆ ನೋಡಿ ನನಗೆ ಬೇಕೆಂದೇ ಮಾಡಿದ್ದಾರೆಯೇ ಎಂದು ಅನುಮಾನವಾಯಿತು. ಬಾ ತೂಗಿಕೊಳ್ಳುತ್ತಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವುದರೊಳಗೆ ಕೈ ಚಾಚಿದರು. "ದೇಖಾಡ್." ತೋರಿಸು.

"ಬಾ, ಅದು ಕೆಟ್ಟುಹೋದದ್ದು, ಬೇರೆ ಮಾಡಿ..."

"ದೇಖಾಡ್."

ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟು ತೆರೆದೆ. ಬಾ ಕನ್ನಡಕ ಸರಿಮಾಡಿಕೊಂಡರು. ಒಬ್ಬೊಬ್ಬರ ಮುಖದ ಮೇಲೂ ಬೆರಳಿಟ್ಟು ನೋಡಿದರು. ಬೆರಳು ಕೊನೆಗೆ ನಡುವಿನ ಖಾಲಿ ನೆಲದ ಮೇಲೆ ನಿಂತಿತು. "ಹೂಂ ಕ್ಯಾಂ?" ನಾನೆಲ್ಲಿ?

ಜಯೇಶಭಾಯಿ ಕಿಟಕಿಯ ಕಡೆ ತಿರುಗಿದರು.

ಬಾ ತಮ್ಮ ಗುಜರಾತಿಯಲ್ಲಿ ನಿಧಾನವಾಗಿ ಹೇಳಿದರು. "ನಾನಿಲ್ಲ. ಆದರೂ ಎಲ್ಲರೂ ನಗ್ತಿದ್ದೀರಿ. ಒಂದು ದಿನ ಇದೇ ಆಗೋದಲ್ವಾ? ಆಮೇಲೆ ಈ ಮನೆ ಹೇಗಿರುತ್ತೋ ಅಂತ ಯೋಚನೆ ಮಾಡ್ತಿದ್ದೆ. ನೋಡಿದ ಹಾಗಾಯ್ತು. ಚೆನ್ನಾಗೇ ಇದೆ. ಈ ಹುಡುಗಿ ನನ್ನ ಜಾಗದ ಪಕ್ಕದಲ್ಲೇ ನಿಂತಿದ್ದಾಳೆ." ಅನಘಾಳ ಮುಖದ ಮೇಲೆ ಬೆರಳು ಇನ್ನೊಮ್ಮೆ ಓಡಾಡಿತು. ಅನಘಾ ದುಪಟ್ಟಾದಿಂದ ಮೂಗು ಒರೆಸಿಕೊಂಡಳು. ಬಾ ನನ್ನ ಮಂಡಿ ತಟ್ಟಿದರು. "ಹವೇ ಮನೆ ಪಾಛೀ ಲಾವ್." ಈಗ ನನ್ನನ್ನು ವಾಪಸ್ ಕರೆದುಕೊಂಡು ಬಾ.

ತೂಗುವ ಮಣೆಯ ಮೇಲೆ ಕೂತು ಫೋಟೋ ರಿಪೇರಿ ಮಾಡಿದವರು ಪ್ರಪಂಚದಲ್ಲಿ ಎಷ್ಟು ಜನರೋ. ಮೂರು ಚಿತ್ರಗಳನ್ನೂ ಬಿಡಿಬಿಡಿಯಾಗಿ ತೆರೆದೆ. ಬೆಳ್ಳಗಿನದರಲ್ಲಿ ಬಾಗಿಲ ಬಿಸಿಲು ಬಾ ಅವರ ಮುಖವನ್ನು ಅರ್ಧ ನುಂಗಿತ್ತು. ಹದವಾದದ್ದರಲ್ಲಿ ಎಲ್ಲ ಸೊಗಸು, ಆದರೆ ಕಣ್ಣು ಮುಚ್ಚಿದ್ದರು. ಕೊನೆಯದು ಕಪ್ಪು, ಏನೂ ಕಾಣದು. ಸುಮ್ಮನೆ ಅದರ ಬೆಳಕು ಎಳೆದೆ. ಕತ್ತಲೊಳಗಿಂದ ಒಂದು ಮುಖ ಮೇಲೆ ಬಂತು. ಬಾ ಬಾಯಿ ತುಂಬ ನಗುತ್ತಿದ್ದರು, ಇದ್ದ ನಾಲ್ಕಾರು ಹಲ್ಲೂ ಕಾಣುವಂತೆ. ಅವರು ನೋಡುತ್ತಿದ್ದುದು ನಮ್ಮವರ ಉಬ್ಬಿದ ಕೆನ್ನೆಯನ್ನು.

"ಈ ನಗು ಚೆನ್ನಾಗಿದೆ, ಆದರೆ ಬಾ, ಕತ್ತಲಿಂದ ಎಳೆದದ್ದು, ಮುಖದ ಮೇಲೆ ರವೆ ಚೆಲ್ಲಿದ ಹಾಗೆ ಕಾಳು ಕಾಳು ಬರುತ್ತೆ. ಕಣ್ಣು ಮುಚ್ಚಿದ್ದಾದರೆ ನುಣುಪಾಗಿದೆ" ಎಂದೆ.

"ಕಣ್ಣು ಮುಚ್ಚಿದ್ದು ಆಮೇಲೆ ಇದ್ದೇ ಇದೆ" ಎಂದರು ಬಾ.

ಕುಂಚದ ಗುರುತಿನಿಂದ ಒಂದೊಂದೇ ಗೆರೆ ಎಳೆಯುತ್ತ ಹೋದಂತೆ, ಖಾಲಿ ನೆಲದ ಮೇಲೆ ಮೊದಲು ಪಾದ ಬಂತು, ಹಲಗೆ ಬಂತು, ಸೀರೆಯ ಅಂಚು, ಮಡಿಲಿನ ಕೈ. ಬಾ ಬಗ್ಗಿ ಬಗ್ಗಿ ನೋಡುತ್ತ, "ಅದು ಹಂಸಾಳ ಸೆರಗು, ನನ್ನದಲ್ಲ. ಈ ಬಳೆ ನನ್ನದು, ಹಾಕು" ಎಂದು ತಿದ್ದುತ್ತಿದ್ದರು. ಜಯೇಶಭಾಯಿ ಹತ್ತಿರ ಬಂದು ಕಾರ್ಖಾನೆಯ ಧೋರಣೆಯಲ್ಲಿ, ಸೀರೆಯ ನೀಲಿ ಇನ್ನೂ ಸ್ವಲ್ಪ ಇಳಿಯಲಿ ಎಂದರು. ಇಳಿಸಿದೆ. ಕೊನೆಗೆ ನಗು ಬಂದು ಕೂತಿತು. ಬಾ ಧವಲ್‌ನ ಫೋನು ಕಸಿದುಕೊಂಡು, ನರೋಡಾದ ಮಗಳು ಕೇಳಲಿ ಎಂದು ಗ್ರೂಪಿನಲ್ಲಿ ತಾವೇ ಧ್ವನಿ ಕಳಿಸಿದರು. "ಹೂಂ ಆವೀ ಗಈ." ನಾನು ಬಂದುಬಿಟ್ಟೆ. "ದಿನ ಬದಲಾಯಿಸೋದು ಬೇಡ."

ಹೀಗೆ ನನ್ನ ಮಗಳ ನಿಶ್ಚಿತಾರ್ಥಕ್ಕೆ ಬಾ ಹೂಂ ಎಂದರು.

ಆದರೆ ಆ ರವೆ ನನ್ನನ್ನು ಬಿಡಲಿಲ್ಲ. ಎಲ್ಲರೂ ಗಾಜಿನಂತೆ ಹೊಳೆಯುವಾಗ ನಟ್ಟನಡುವೆ ಬಾ ಮಾತ್ರ ಉಪ್ಪಿಟ್ಟಿನಂತೆ! ಗೋಡೆಗೆ ಹಾಕುವ ಮುಂಚೆ ನಿಶ್ಚಿತಾರ್ಥದ ದಿನ ಇನ್ನೊಂದು ತೆಗೆಯುತ್ತೇನೆ ಎಂದು ಜಯೇಶಭಾಯಿಗೆ ಹಟ ಹಿಡಿದು ಹೇಳಿದೆ. ಆ ದಿನ ಹೋಗಿ ನೋಡಿದರೆ ಬಾ ನನಗಾಗಿಯೇ ಧವಲ್‌ನಿಗೆ ಹೇಳಿ ಹೀಂಚಕೋವನ್ನು ಹಳೆಯ ಬಾಂಧಣಿ ಸೀರೆಯಿಂದ ಕಂಬಕ್ಕೆ ಕಟ್ಟಿಸಿದ್ದರು. ಜರಿ ಸೀರೆ ಉಟ್ಟು, ಎರಡೂ ಪಾದ ಜೋಡಿಸಿ, ಕೈ ಮಂಡಿಯ ಮೇಲಿಟ್ಟು ಕೂತಿದ್ದರು. ರೆಪ್ಪೆ ಹೊಡೆಯಲಿಲ್ಲ. ಪಕ್ಕದಲ್ಲಿ ಫೋಯಿ ನನ್ನ ಬೆರಳನ್ನೇ ಕಾವಲು ಕಾಯುತ್ತಿದ್ದರು. ಟಕ್, ಟಕ್, ಟಕ್. ಅಲ್ಲೇ ಬೆರೆಸಿದೆ. ನನ್ನ ಬದುಕಿನ ಅತ್ಯುತ್ತಮ ಎಚ್‌ಡಿಆರ್. ಭೂತವಿಲ್ಲ, ಪ್ರಭೆಯಿಲ್ಲ, ರವೆಯಿಲ್ಲ. ಜರಿಯ ಎಳೆ ಎಣಿಸಬಹುದಿತ್ತು. ಎಲ್ಲರೂ ಸುತ್ತುವರಿದು ನೋಡಿದರು. "ಸರಸ್", ಚೆನ್ನಾಗಿದೆ, ಎಂದರು ಯಾರೋ, ಮರ್ಯಾದೆಗೆ.

ಬಾ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿಯೂ ತಿಳಿಯದವರಂತೆ ಕೇಳಿದರು.

"ಆ ಡೋಶೀ ಕೋಣ್ ಛೇ?"

ಈ ಮುದುಕಿ ಯಾರು?

ಮೊದಲು ನಕ್ಕಿದ್ದು ಫೋಯಿ. ಆಮೇಲೆ ಮನೆಯೆಲ್ಲ. ನಾನೂ ನಕ್ಕೆ, ಸ್ವಲ್ಪ ತಡವಾಗಿ. ಗೋಡೆಗೆ ಹೋಗುವುದು ರವೆ ಚೆಲ್ಲಿದ ಆ ನಗುವೇ ಎಂದು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಧವಲ್ ಬಾಂಧಣಿಯ ಗಂಟು ಬಿಚ್ಚಿದ. ಬಾ ಒಂದು ಕಾಲು ಮಡಚಿಕೊಂಡು, ದಿಂಬು ಸರಿಸಿ, ಜಾಗ ತಟ್ಟಿ, "ಆವ್, ಬೇಸ್" ಎಂದರು.

ಕೂತೆ. ಬಾ ನೆಲ ಒತ್ತಿದರು. ಮಣೆ ತೂಗಿತು. ಹಾಗೆ ನೋಡಿದರೆ ಎದುರಿನ ಗೋಡೆ ಮುಂದೆ ಬಂತು, ಹಿಂದೆ ಹೋಯಿತು. ಬಾಗಿಲು, ಬಿಸಿಲು, ಪೇಡೆಯ ತಟ್ಟೆ ಹಿಡಿದ ಹಂಸಾಬೇನ್, ಕೆನ್ನೆಯಲ್ಲಿ ಪೇಡೆ ಅಡಗಿಸಿಕೊಂಡ ನಮ್ಮವರು, ಉಂಗುರ ತಿರುವುತ್ತ ನಿಂತ ನನ್ನ ಮಗಳು, ಎಲ್ಲರೂ ಅತ್ತಿತ್ತ ಆಡುತ್ತಿದ್ದರು. ಆ ಮನೆಯಲ್ಲಿ ಒಂದಿಷ್ಟೂ ಅಲ್ಲಾಡದೆ ಇದ್ದವರು, ನನ್ನ ಪಕ್ಕದಲ್ಲಿ ಕೂತ ಬಾ ಒಬ್ಬರೇ.